ಮೂರು ‘ಅಂತೆ’, ಒಂದು ಚುಚ್ಚುಮದ್ದು: ಲಸಿಕೆಯ ಭಯವನ್ನು ತೂಗಿ ನೋಡುವುದು ಹೇಗೆ?

ಬುಧವಾರ ರಾತ್ರಿ ತಂಗಿ ಫೋನ್ ಮಾಡಿದಳು. ಅವಳ ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ಮಾರನೇ ದಿನ ಗುರುವಾರ, ಅಂಗನವಾಡಿಯಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು. ಅಷ್ಟರಲ್ಲಿ ಅವಳ ಓರಗಿತ್ತಿಯ ಕಡೆಯಿಂದ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂದಿತ್ತು.

“ಅಣ್ಣಾ, ಈ ಇಂಜೆಕ್ಷನ್ ಹಾಕಿಸಿದ್ರೆ ಆಟಿಸಂ ಬರುತ್ತಂತೆ. ಅದರಲ್ಲಿ ಪಾದರಸ ಇರುತ್ತಂತೆ. ಬೆಳಗಾವಿ ಕಡೆ ಮೂರು ಕೂಸು ತೀರಿಹೋದವಂತೆ. ನಾಳೆ ಕರ್ಕೊಂಡು ಹೋಗ್ಲೋ ಬೇಡ್ವೋ?”

ನಾನು ಡಾಕ್ಟರಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಆದರೆ ‘ಸುಮ್ನೆ ಹೋಗಿ ಹಾಕಿಸು’ ಅಂದರೆ ಭಯ ಹೋಗುವುದಿಲ್ಲ, ಬಾಯಿ ಮುಚ್ಚುತ್ತದೆ ಅಷ್ಟೆ. ಅದಕ್ಕೇ ಇಬ್ಬರೂ ಫೋನಿನಲ್ಲೇ ಕೂತು ಒಂದೊಂದು ‘ಅಂತೆ’ಯನ್ನೂ ಬಿಡಿಸಿ ನೋಡಿದೆವು. ಮೂರರಲ್ಲಿ ಒಂದು ಸುಳ್ಳು, ಒಂದು ಅರ್ಧ ನಿಜ, ಒಂದು ಪೂರ್ತಿ ನಿಜ. ನಿಮಗೂ ಇಂಥ ಮೆಸೇಜ್ ಬಂದಿರುತ್ತದೆ. ಆವತ್ತು ನಾವು ಹೋದ ದಾರಿ ಇದು.

ಮೊದಲು ಭಯವನ್ನು ಒಂದೇ ಸಾಲಿನಲ್ಲಿ ಬರೆಯಿರಿ

‘ಲಸಿಕೆ ಒಳ್ಳೇದಲ್ಲವಂತೆ’ ಎಂಬುದನ್ನು ಯಾರೂ ಪರೀಕ್ಷೆ ಮಾಡಲಾರರು. ಯಾವ ಲಸಿಕೆ? ಏನು ತೊಂದರೆ? ಹಾಕಿಸಿದ ಎಷ್ಟು ದಿನಕ್ಕೆ? ಈ ಮೂರೂ ಇರುವ ಹಾಗೆ ಬರೆಯಿರಿ. ‘ಎಂಎಂಆರ್ ಹಾಕಿಸಿದ ಮಕ್ಕಳಲ್ಲಿ, ಹಾಕಿಸದ ಮಕ್ಕಳಿಗಿಂತ ಜಾಸ್ತಿ ಆಟಿಸಂ ಕಾಣುತ್ತದೆಯೇ?’ ಇದಕ್ಕೆ ಉತ್ತರ ಹುಡುಕಬಹುದು. (ಎಂಎಂಆರ್ ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಹಾಕುವ ಲಸಿಕೆ.) ಒಂದು ಮೆಸೇಜಿನಲ್ಲಿ ನಾಲ್ಕು ಭಯ ಸೇರಿದ್ದರೆ ನಾಲ್ಕು ಸಾಲು ಮಾಡಿ. ಒಂದು ನಿಜವಾದರೆ ಉಳಿದವೂ ನಿಜ ಅನಿಸುವ ಹಾಗೆ ಕಟ್ಟುವುದೇ ಆ ಮೆಸೇಜುಗಳ ಜಾಣತನ.

ಆಮೇಲೆ ಡಬ್ಬಿಗೆ ಹಾಕಿ: ಮದ್ದು, ಕೈ, ಕಾಗೆ

ಲಸಿಕೆಯ ನಂತರ ಮಗುವಿಗೆ ಏನಾದರೂ ಆದರೆ ಅದನ್ನು ವಿಚಾರಿಸಲು ಜಿಲ್ಲೆಯಲ್ಲಿ, ರಾಜ್ಯದಲ್ಲಿ ಸಮಿತಿಗಳಿವೆ. ಅವರು ಕಾರಣವನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ: ಲಸಿಕೆಯ ಗುಣದಿಂದಲೇ ಆದದ್ದು, ತಯಾರಿಕೆಯ ದೋಷದಿಂದ ಆದದ್ದು, ಹಾಕುವಾಗಿನ ತಪ್ಪಿನಿಂದ ಆದದ್ದು, ಸೂಜಿಯ ಹೆದರಿಕೆಯಿಂದ ಆದದ್ದು, ಕಾಕತಾಳೀಯವಾಗಿ ಆದದ್ದು. ಮನೆಯಲ್ಲಿ ಮೂರು ಡಬ್ಬಿ ಸಾಕು. ಬಾಟಲಿಯೊಳಗಿನ ಮದ್ದು. ಹಾಕುವ ಕೈ. ಇನ್ನೊಂದು, ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋದದ್ದು.

ಯಾವ ಡಬ್ಬಿ ಅಂತ ಗೊತ್ತಾದರೆ ಮುಂದೆ ಏನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ. ತಂಗಿಗೆ ನಾನು ಹೇಳಿದ್ದು ಮುಖ್ಯವಾಗಿ ಇಷ್ಟೇ. ನಮ್ಮ ಭಯ ತಪ್ಪಲ್ಲ, ಅದು ತಪ್ಪು ಡಬ್ಬಿಯಲ್ಲಿ ಕೂತಿದೆ.

ಕಾಗೆಯ ಲೆಕ್ಕ

ಒಂದು ಜಿಲ್ಲೆಯಲ್ಲಿ 30,000 ಮಕ್ಕಳಿಗೆ ಈ ವರ್ಷ ಒಂಬತ್ತು ತಿಂಗಳು ತುಂಬುತ್ತದೆ ಅಂದುಕೊಳ್ಳಿ. ಲಸಿಕೆ ಎಂಬುದೇ ಇಲ್ಲ ಅಂತಲೂ ಅಂದುಕೊಳ್ಳಿ. ಅವರಲ್ಲಿ 30 ಮಕ್ಕಳಿಗೆ ಆ ವಯಸ್ಸಿನ 30 ದಿನಗಳಲ್ಲಿ ಯಾವುದೋ ಕಾರಣಕ್ಕೆ ಮೊದಲ ಸಲ ಫಿಟ್ಸ್ ಬರುತ್ತದೆ. ಇವು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಅಂಕಿಗಳು. ಈಗ ಪ್ರತಿ ಮಗುವಿನ ಕಾರ್ಡಿನಲ್ಲೂ ಆ ತಿಂಗಳ ಯಾವುದೋ ಒಂದು ದಿನಕ್ಕೆ ಸುಮ್ನೆ ಒಂದು ಗುರುತು ಹಾಕಿ. ಚುಚ್ಚುಮದ್ದು ಬೇಡ, ಬರೀ ಪೆನ್ನಿನ ಗುರುತು. ಸರಾಸರಿ ಒಂದು ಮಗುವಿಗೆ ಗುರುತು ಹಾಕಿದ ದಿನವೇ ಫಿಟ್ಸ್ ಬರುತ್ತದೆ. ಏಳು ಮಕ್ಕಳಿಗೆ ಗುರುತಿನಿಂದ ಒಂದು ವಾರದೊಳಗೆ ಬರುತ್ತದೆ. ಪೆನ್ನು ಏನೂ ಮಾಡಿಲ್ಲ. ಆದರೆ ಆ ಏಳು ಅಮ್ಮಂದಿರಿಗೆ ಪೆನ್ನಿನ ಮೇಲೇ ಅನುಮಾನ. ನಾನಾಗಿದ್ದರೂ ಹಾಗೇ ಅನುಮಾನ ಪಡುತ್ತಿದ್ದೆ.

ಆದ್ದರಿಂದ ‘ಹಾಕಿಸಿದ ಮೇಲೆ ಆಯಿತು’ ಎಂಬ ಕಥೆ ಎಷ್ಟೇ ನಿಜವಾದರೂ, ಒಂದೇ ಸಾಲದು. ಹಾಕಿಸದವರಲ್ಲಿ ಎಷ್ಟಾಯಿತು ಅಂತ ಪಕ್ಕದಲ್ಲಿ ಇಟ್ಟು ನೋಡಬೇಕು. ಇದನ್ನು ಬಹಳ ಚೆನ್ನಾಗಿ ಮಾಡಿದ್ದು ಫಿನ್ಲೆಂಡಿನವರು. 581 ಅವಳಿ ಜೋಡಿಗಳನ್ನು ತೆಗೆದುಕೊಂಡು, ಒಂದು ಮಗುವಿಗೆ ಎಂಎಂಆರ್, ಇನ್ನೊಂದಕ್ಕೆ ಮದ್ದಿಲ್ಲದ ಸೂಜಿ ಹಾಕಿದರು. ಮೂರು ವಾರ ಬಿಟ್ಟು ಅದಲುಬದಲು ಮಾಡಿದರು. ಯಾವುದು ಯಾರಿಗೆ ಅಂತ ಮನೆಯವರಿಗೆ ಗೊತ್ತಿಲ್ಲ. 1986ರಲ್ಲಿ ಫಲಿತಾಂಶ ಬಂತು. ಜ್ವರ, ನೆಗಡಿ, ಕಿರಿಕಿರಿ ಎಂದು ಬರೆದುಕೊಂಡದ್ದರಲ್ಲಿ ಬಹುಪಾಲು ಎರಡೂ ಕಡೆ ಇತ್ತು. ನಿಜವಾಗಿ ಲಸಿಕೆಯಿಂದಲೇ ಆದ ತೊಂದರೆ ಶೇ. 0.5ರಿಂದ 4ರ ಒಳಗೆ. ಅವಳಿ ಮಕ್ಕಳ ಮನೆಯಲ್ಲಿ ಆ ಆರು ವಾರ ಹೇಗಿತ್ತೋ ಪಾಪ!

ಹತ್ತಿರದ್ದೂ ಒಂದಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಆಮೇಲೆ ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂತು. 2010ರ ಏಪ್ರಿಲ್‌ನಲ್ಲಿ ಕಾರ್ಯಕ್ರಮವೇ ನಿಂತಿತು. ವಿಚಾರಣೆಯಲ್ಲಿ ಸಾವಿನ ಕಾರಣಗಳು ಹೊರಬಂದವು: ಒಬ್ಬಳು ನೀರಿನಲ್ಲಿ ಮುಳುಗಿ, ಒಬ್ಬಳು ಹಾವು ಕಚ್ಚಿ, ಇಬ್ಬರು ಕೀಟನಾಶಕ ಕುಡಿದು, ಇನ್ನೊಬ್ಬಳು ಮಲೇರಿಯಾದಿಂದ. ಉಳಿದ ಇಬ್ಬರ ಕಾರಣ ಅಷ್ಟು ಖಚಿತವಾಗಲಿಲ್ಲ, ಆದರೆ ಲಸಿಕೆಯಿಂದ ಆಗಿರುವ ಸಾಧ್ಯತೆ ಕಡಿಮೆ ಎಂದರು. ಅಲ್ಲಿಗೆ ಎಲ್ಲ ಸರಿ ಅನ್ನಬೇಡಿ. ಹಾಸ್ಟೆಲಿನ ಎಷ್ಟೋ ಹುಡುಗಿಯರಿಗೆ ಅಪ್ಪ-ಅಮ್ಮನ ಒಪ್ಪಿಗೆಯೇ ಇರಲಿಲ್ಲ, ವಾರ್ಡನ್ನು, ಹೆಡ್‌ಮಾಸ್ಟರು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ‘ಲಸಿಕೆ ಕೊಂದಿತೇ?’ ಮತ್ತು ‘ನಮ್ಮನ್ನು ಕೇಳದೆ ಹಾಕಿದ್ದು ಸರಿಯೇ?’ ಇವೆರಡೂ ಬೇರೆ ಪ್ರಶ್ನೆಗಳು. ಎರಡಕ್ಕೂ ಉತ್ತರ ‘ಇಲ್ಲ’ ಅಂತ ಬಂದದ್ದು ಮಾತ್ರ ಒಂದೇ.

ಮೊದಲ ‘ಅಂತೆ’: ಆಟಿಸಂ

ಇದು ಹುಟ್ಟಿದ್ದು 1998ರ ಫೆಬ್ರವರಿಯಲ್ಲಿ. ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ಡಾಕ್ಟರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರಲ್ಲಿದ್ದದ್ದು 12 ಮಕ್ಕಳು. ಹಾಕಿಸದ ಮಕ್ಕಳ ಜೊತೆ ಹೋಲಿಕೆಯೇ ಇಲ್ಲ. ನನ್ನ ತರಗತಿಯಲ್ಲಿ ಇದಕ್ಕಿಂತ ಜಾಸ್ತಿ ಮಕ್ಕಳಿದ್ದಾರೆ. ಬ್ರಯಾನ್ ಡೀರ್ ಎಂಬ ಪತ್ರಕರ್ತ ಬೆನ್ನುಹತ್ತಿ ಹೋದಾಗ ಬೇರೆ ಬಣ್ಣ ಹೊರಬಂತು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್‌ಗೆ ಹಣ ಬಂದಿತ್ತು. ಮಕ್ಕಳ ಆಸ್ಪತ್ರೆ ದಾಖಲೆಗೂ ಲೇಖನಕ್ಕೂ ತಾಳೆಯಾಗಲಿಲ್ಲ. 2010ರಲ್ಲಿ ಪತ್ರಿಕೆ ಲೇಖನವನ್ನು ವಾಪಸ್ ಪಡೆಯಿತು, ಅದೇ ವರ್ಷ ಅವರ ವೈದ್ಯ ನೋಂದಣಿಯೂ ರದ್ದಾಯಿತು.

ಆದರೆ ಮನುಷ್ಯ ಸರಿಯಿಲ್ಲ ಅಂದ ಮಾತ್ರಕ್ಕೆ ಅವನ ಮಾತು ಸುಳ್ಳಾಗಬೇಕಿಲ್ಲ. ಹಣದ ಅನುಮಾನವನ್ನು ಒಂದೇ ಕಡೆ ಹಚ್ಚುವುದೂ ನ್ಯಾಯವಲ್ಲ, ಲಸಿಕೆ ಕಂಪನಿಗಳೇನು ಪುಣ್ಯಕ್ಕೆ ಮಾರುತ್ತಾರೆಯೇ? ಹಾಗಾಗಿ ಇಬ್ಬರನ್ನೂ ಬದಿಗಿಟ್ಟು ಡೆನ್ಮಾರ್ಕಿಗೆ ಹೋಗೋಣ. ಅಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ನಂಬರ್ ಇದೆ. ಲಸಿಕೆ, ಕಾಯಿಲೆ ಎಲ್ಲವೂ ಸರ್ಕಾರಿ ದಾಖಲೆಯಲ್ಲಿ ಮೊದಲೇ ಬರೆದಿರುತ್ತದೆ. ತಮಗೆ ಬೇಕಾದ ಮಕ್ಕಳನ್ನು ಆರಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. 2002ರಲ್ಲಿ 5,37,303 ಮಕ್ಕಳ ಲೆಕ್ಕ ಬಂತು, 2019ರಲ್ಲಿ 6,57,461 ಮಕ್ಕಳದ್ದು. ಎಂಎಂಆರ್ ಹಾಕಿಸಿದವರಲ್ಲೂ ಹಾಕಿಸದವರಲ್ಲೂ ಆಟಿಸಂ ಒಂದೇ ಪ್ರಮಾಣದಲ್ಲಿತ್ತು. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳನ್ನು ಬೇರೆ ಮಾಡಿ ನೋಡಿದರೂ ಅಷ್ಟೇ.

ಹಾಗಿದ್ದರೆ ‘ಲಸಿಕೆ ಹಾಕಿಸಿದ ಮೇಲೇ ಆಟಿಸಂ ಕಂಡಿತು’ ಅನ್ನುವ ಅಮ್ಮಂದಿರು ಸುಳ್ಳು ಹೇಳಿದರೇ? ಖಂಡಿತ ಇಲ್ಲ. ಮಗು ಕಲಿತಿದ್ದ ಮಾತು ಬಿಡುವುದು, ಕರೆದರೆ ತಿರುಗದಿರುವುದು ಎದ್ದು ಕಾಣುವುದು ಒಂದೂಕಾಲರಿಂದ ಎರಡು ವರ್ಷದ ನಡುವೆ. ದಡಾರದ ಎರಡನೇ ಡೋಸು ಹಾಕುವುದು 16ರಿಂದ 24 ತಿಂಗಳಲ್ಲಿ. ಕಾಗೆಯೂ ಅಲ್ಲೇ, ಕೊಂಬೆಯೂ ಅಲ್ಲೇ.

ಎರಡನೇ ‘ಅಂತೆ’: ಪಾದರಸ

ಇಂಥ ಮಾತು ಬಂದಾಗ ಕೇಳಬೇಕಾದ್ದು ಮೂರು: ಯಾವ ಲಸಿಕೆಯಲ್ಲಿ, ಯಾವ ರೂಪದಲ್ಲಿ, ಎಷ್ಟು? ಥಯೋಮರ್ಸಾಲ್ ಎಂಬ ವಸ್ತುವಿನಲ್ಲಿ ಪಾದರಸ ಇರುವುದು ನಿಜ. ಒಂದೇ ಬಾಟಲಿಗೆ ಹಲವು ಸಲ ಸೂಜಿ ಚುಚ್ಚುವಾಗ ಬ್ಯಾಕ್ಟೀರಿಯಾ ಬೆಳೆಯದಿರಲಿ ಎಂದು ಅದನ್ನು ಸೇರಿಸುತ್ತಾರೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ, ಐದು ಕಾಯಿಲೆ ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಬಾಟಲಿಯಲ್ಲಿ ಅದಿದೆ. ಆದರೆ ಅದು ಈಥೈಲ್ ಪಾದರಸ. ಮೀನಿನಲ್ಲಿ ಸೇರಿಕೊಂಡು ಮಿದುಳಿಗೆ ತೊಂದರೆ ಕೊಡುವುದು ಮೀಥೈಲ್ ಪಾದರಸ. ಮೊದಲನೆಯದು ಮೈಯಿಂದ ಬೇಗ ಹೊರಹೋಗುತ್ತದೆ. ಡೆನ್ಮಾರ್ಕ್ 1992ರಲ್ಲೇ ಮಕ್ಕಳ ಲಸಿಕೆಯಲ್ಲಿ ಇದನ್ನು ನಿಲ್ಲಿಸಿತು. ಆಮೇಲೂ ಅಲ್ಲಿ ಆಟಿಸಂ ಎಂದು ಗುರುತಿಸಿದ ಮಕ್ಕಳ ಸಂಖ್ಯೆ ಏರುತ್ತಲೇ ಹೋಯಿತು. ಪಾದರಸ ಕಾರಣವಾಗಿದ್ದರೆ ಇಳಿಯಬೇಕಿತ್ತು, ಅಲ್ವಾ?

ಇನ್ನು ತಂಗಿಯ ಪ್ರಶ್ನೆಯ ದಡಾರ-ರುಬೆಲ್ಲಾ ಲಸಿಕೆಯಲ್ಲಿ ಪಾದರಸ ಇಲ್ಲವೇ ಇಲ್ಲ. ಹಾಕಿದರೆ ಅದರೊಳಗಿನ ಜೀವಂತ ವೈರಸ್ಸೇ ಸತ್ತುಹೋಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮೂರನೇ ‘ಅಂತೆ’ಗೆ ಬೇಕಾಗುತ್ತದೆ.

ಮದ್ದಿನಿಂದಲೇ ಆದ ತೊಂದರೆಗಳನ್ನೂ ನೋಡಿ

ಲಸಿಕೆಯಿಂದ ಏನೂ ಆಗಲ್ಲ ಅನ್ನುವವರನ್ನೂ ನಂಬಬೇಡಿ. 1998ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ರೋಟಾಶೀಲ್ಡ್ ಎಂಬ ಭೇದಿ ತಡೆಯುವ ಲಸಿಕೆಗೆ ಅನುಮತಿ ಸಿಕ್ಕಿತು. ಕೆಲವು ಕೂಸುಗಳಿಗೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವ ತೊಂದರೆ ಕಂಡಿತು. 15 ವರದಿ ಬರುತ್ತಿದ್ದಂತೆ ಲಸಿಕೆ ಹಾಕುವುದನ್ನು ತಡೆಹಿಡಿದರು, 1999ರ ಅಕ್ಟೋಬರ್‌ನಲ್ಲಿ ಕಂಪನಿ ವಾಪಸ್ ಪಡೆಯಿತು. ಅಪಾಯ ಸುಮಾರು 10,000ಕ್ಕೆ ಒಂದು. ಅದರ ನಂತರ ಬಂದ ಎರಡು ರೋಟಾ ಲಸಿಕೆಗಳನ್ನು ಒಂದೊಂದನ್ನೂ 60,000ಕ್ಕಿಂತ ಜಾಸ್ತಿ ಮಕ್ಕಳ ಮೇಲೆ ಪರೀಕ್ಷೆ ಮಾಡಿದ ಮೇಲೇ ಬಿಟ್ಟರು. ಈಗಲೂ ರೋಟಾ ಹನಿ ಹಾಕಿಸಿದ ಒಂದೆರಡು ವಾರದಲ್ಲಿ ಮಗು ಕಾಲು ಮಡಚಿಕೊಂಡು ಬಿಟ್ಟುಬಿಟ್ಟು ಚೀರಿದರೆ, ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಆ 15 ವರದಿ ಬಂದದ್ದು ಲಸಿಕೆಯ ನಂತರದ ತೊಂದರೆಗಳನ್ನು ಬರೆದಿಡುವ ಅಮೆರಿಕ ಸರ್ಕಾರದ ಒಂದು ಪಟ್ಟಿಗೆ. ಅದಕ್ಕೆ ಯಾರು ಬೇಕಾದರೂ ವರದಿ ಕಳಿಸಬಹುದು. ‘ಅಮೆರಿಕ ಸರ್ಕಾರವೇ ಒಪ್ಪಿದೆ, ಇಷ್ಟು ಸಾವಿರ ಸಾವು’ ಎಂಬ ಮೆಸೇಜುಗಳು ಅಲ್ಲಿಂದಲೇ ಬರುವುದು. ಅದು ಗಂಟೆ, ತೀರ್ಪಲ್ಲ. ಗಂಟೆ ಬಾರಿಸಿದ್ದಕ್ಕೆ ಹೋಗಿ ನೋಡಬೇಕು. ರೋಟಾಶೀಲ್ಡ್ ವಿಷಯದಲ್ಲಿ ಹೋಗಿ ನೋಡಿದರು, ಸಿಕ್ಕಿತು.

ದಡಾರದ ಲಸಿಕೆಗೂ ಲೆಕ್ಕ ಇದೆ. 3,000-4,000 ಡೋಸಿಗೆ ಒಂದು ಮಗುವಿಗೆ ಜ್ವರದ ಫಿಟ್ಸ್ ಬರುತ್ತದೆ. ನೋಡುವವರಿಗೆ ಜೀವ ಬಾಯಿಗೆ ಬರುತ್ತದೆ, ಆದರೆ ಮಗುವಿಗೆ ಸಾಮಾನ್ಯವಾಗಿ ಶಾಶ್ವತ ತೊಂದರೆ ಆಗುವುದಿಲ್ಲ. 30,000-40,000ಕ್ಕೆ ಒಂದು ಮಗುವಿಗೆ ಸ್ವಲ್ಪ ದಿನ ಪ್ಲೇಟ್‌ಲೆಟ್ ಇಳಿಯುತ್ತದೆ. ಉಸಿರು ಕಟ್ಟುವಂಥ ಅಲರ್ಜಿ ಸುಮಾರು 10 ಲಕ್ಷಕ್ಕೆ ಒಂದು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕಾಯಿಲೆಯನ್ನು ಇಡಿ. ದಡಾರ ಬಂದ 1,000 ಮಕ್ಕಳಲ್ಲಿ, ಒಳ್ಳೆ ಆಸ್ಪತ್ರೆಗಳಿರುವ ದೇಶದಲ್ಲೂ, ಒಂದರಿಂದ ಮೂರು ಸಾವು, ಸುಮಾರು ಒಂದು ಮಗುವಿಗೆ ಮಿದುಳಿನ ಊತ. ಊಟ ಸಾಲದ ಮಕ್ಕಳಲ್ಲಿ ಇನ್ನೂ ಜಾಸ್ತಿ. ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಇಟ್ಟುಕೊಂಡು ಕೂತಿದ್ದ ನಮ್ಮಜ್ಜಿಯ ಕಾಲದವರಿಗೆ ಈ ತಟ್ಟೆಯ ತೂಕ ಕಣ್ಣಿಗೇ ಕಾಣುತ್ತಿತ್ತು. ನಮಗೆ ಕಾಣುವುದು ಸೂಜಿ ಮಾತ್ರ.

ತಟ್ಟೆ ಖಾಲಿ ಅನಿಸಿದಾಗ ಏನಾಗುತ್ತದೆ ಎಂಬುದನ್ನು ಜಪಾನ್ ನೋಡಿದೆ. 1974ರಲ್ಲಿ ಅಲ್ಲಿ ನಾಯಿಕೆಮ್ಮು ಬಂದದ್ದು 393 ಜನಕ್ಕೆ, ಸಾವು ಇಲ್ಲ. ನಾಯಿಕೆಮ್ಮಿನ ಲಸಿಕೆ ಹಾಕಿಸಿದ ಇಬ್ಬರು ಮಕ್ಕಳು ತೀರಿಕೊಂಡ ಮೇಲೆ 1975ರಲ್ಲಿ ಆ ಲಸಿಕೆಯನ್ನು ಸ್ವಲ್ಪ ಕಾಲ ನಿಲ್ಲಿಸಿದರು. ಆಮೇಲೂ ಜನ ಹಾಕಿಸಲು ಹಿಂಜರಿದರು. 1979ರಲ್ಲಿ 13,000 ಜನಕ್ಕೆ ನಾಯಿಕೆಮ್ಮು, 41 ಸಾವು.

ಮೂರನೇ ‘ಅಂತೆ’: ಬೆಳಗಾವಿ

ಇದು ನಿಜ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆಯ ನಂತರ ಮೂರು ಕೂಸುಗಳು ತೀರಿಕೊಂಡವು. ಪ್ರಾಥಮಿಕ ತನಿಖೆಯಲ್ಲಿ ಹೊರಬಿದ್ದದ್ದು ಹಾಕುವ ಕೈಯ ತಪ್ಪು. ಲಸಿಕೆಯನ್ನು ಇಡಬೇಕಾದ ಕಡೆ ಇಡದೆ ಹೋಟೆಲೊಂದರ ಫ್ರಿಜ್ಜಿನಲ್ಲಿ ಇಟ್ಟಿದ್ದರು ಎಂಬ ಸುದ್ದಿ ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಈಗ ಪಾದರಸದ ಮಾತು ನೆನಪಿಸಿಕೊಳ್ಳಿ. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಹಾಕುವ ಮುಂಚೆ ಅದರದ್ದೇ ದ್ರಾವಣದಲ್ಲಿ ಕಲಸುತ್ತಾರೆ. ಬ್ಯಾಕ್ಟೀರಿಯಾ ತಡೆಯುವ ವಸ್ತು ಅದರಲ್ಲಿಲ್ಲ. ಕಲಸಿದ ಬಾಟಲಿಗೆ ಕೊಳೆ ತಾಗಿದರೆ, ಬೆಚ್ಚಗಿದ್ದರೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ಅದಕ್ಕೇ ಕಲಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಬಿಸಾಡಬೇಕು ಎಂಬ ನಿಯಮ ಇರುವುದು. ಕ್ಷಯಕ್ಕೆ ಹಾಕುವ ಬಿಸಿಜಿ ಲಸಿಕೆಗೂ ಇದೇ ನಿಯಮ. ಮೆಸೇಜಿನವರು ಇಲ್ಲದ ಪಾದರಸಕ್ಕೆ ಹೆದರಿಸುತ್ತಿದ್ದರು. ನಾವು ಕೇಳಬೇಕಾದ್ದು ಬಾಟಲಿಯ ಮೇಲಿನ ಟೈಮು.

ಹಾಗಾಗಿ ಗುರುವಾರ ಹೋದಾಗ ಜಗಳಕ್ಕೆ ನಿಂತವರ ಹಾಗಲ್ಲ, ಸಮಾಧಾನವಾಗಿ ಕೇಳಿ: “ಸಿಸ್ಟರ್, ಇವತ್ತು ಯಾವ್ಯಾವ ಲಸಿಕೆ? ಇದನ್ನ ಎಷ್ಟು ಗಂಟೆಗೆ ಕಲಸಿದ್ರಿ?” ಕಲಸಿದ ಸಮಯವನ್ನು ಬಾಟಲಿಯ ಮೇಲೆ ಬರೆಯಬೇಕು ಎಂಬುದು ಅವರ ನಿಯಮವೇ. ನಾಲ್ಕು ಗಂಟೆ ದಾಟಿದ್ದರೆ, ಸಮಯವೇ ಬರೆದಿಲ್ಲದಿದ್ದರೆ, ಹೊಸ ಬಾಟಲಿ ಕೇಳಿ. ಒಡೆಯದ ಬಾಟಲಿಯ ಮೇಲೆ ಅಥವಾ ಮುಚ್ಚಳದ ಮೇಲೆ ಒಂದು ದುಂಡು, ಅದರೊಳಗೆ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ಚೌಕ ಸುತ್ತಲಿನ ದುಂಡಿಗಿಂತ ತಿಳಿಯಾಗಿದ್ದರೆ ಸರಿ. ಎರಡೂ ಒಂದೇ ಬಣ್ಣವಾಗಿದ್ದರೆ, ಚೌಕವೇ ಗಾಢವಾಗಿದ್ದರೆ, ಬೇಡ. ಬಾಟಲಿ ಐಸ್ ಪ್ಯಾಕ್ ಇರುವ ಡಬ್ಬಿಯಿಂದ ಬಂತೇ, ಸಿರಿಂಜ್ ಹೊಸ ಪ್ಯಾಕೆಟ್ಟಿನದೇ, ಇವೂ ಅಲ್ಲೇ ಕಣ್ಣಿಗೆ ಬೀಳುತ್ತವೆ. ಖಾಸಗಿ ಕ್ಲಿನಿಕ್ಕಿನಲ್ಲೂ ಹೀಗೇ ಕೇಳಿ, ದುಡ್ಡು ಕೊಟ್ಟ ಮಾತ್ರಕ್ಕೆ ಫ್ರಿಜ್ಜು ತಣ್ಣಗಿರಬೇಕೆಂದೇನಿಲ್ಲ. ಒಳ್ಳೆಯ ನರ್ಸಮ್ಮನಿಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ.

ನಿಮ್ಮ ಕಡೆಯಿಂದ ಹೇಳಬೇಕಾದ್ದೂ ಇದೆ. ಹಿಂದಿನ ಡೋಸಿಗೆ ಜೋರು ಅಲರ್ಜಿ ಆಗಿದ್ದರೆ, ಮಗುವಿಗೆ ಕ್ಯಾನ್ಸರ್ ಚಿಕಿತ್ಸೆ ಅಥವಾ ಹೆಚ್ಚು ದಿನದ ಸ್ಟೆರಾಯ್ಡ್ ನಡೆಯುತ್ತಿದ್ದರೆ, ಮೊದಲು ಫಿಟ್ಸ್ ಬಂದಿದ್ದರೆ, ಈಗ ಜೋರು ಜ್ವರ ಇದ್ದರೆ ಮುಂಚೆಯೇ ಹೇಳಿ. ಸಣ್ಣ ನೆಗಡಿಗೆ ಮುಂದೂಡಬೇಕಿಲ್ಲ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜೋರು ಅಲರ್ಜಿ ಸಾಮಾನ್ಯವಾಗಿ ಕಾಣುವುದು ಆ ಹೊತ್ತಿನಲ್ಲೇ.

ಮನೆಗೆ ಬಂದ ಮೇಲೆ

ಪೆಂಟಾವೇಲೆಂಟ್ ಆದರೆ ಜ್ವರ, ಅಳು ಅದೇ ರಾತ್ರಿ. ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರದ ಲಸಿಕೆಯ ಜ್ವರ, ಸಣ್ಣ ಗುಳ್ಳೆ ಬರುವುದಾದರೆ ಒಂದು ವಾರ ಕಳೆದ ಮೇಲೆ, 7ರಿಂದ 12 ದಿನದೊಳಗೆ. ಬಿಸಿಜಿಯ ಗಂಟು ಕೆಲವು ವಾರಕ್ಕೆ ಎದ್ದು, ಒಡೆದು, ಕಲೆ ಬಿಡುತ್ತದೆ, ಅದಕ್ಕೆ ಅರಿಶಿಣ ಹಚ್ಚಬೇಡಿ. ಪ್ಯಾರಾಸಿಟಮಾಲ್ ಎಷ್ಟು ಹನಿ ಅನ್ನುವುದು ಮಗುವಿನ ತೂಕದ ಮೇಲೆ. ಅಲ್ಲೇ ಕೇಳಿ, ಕಾರ್ಡಿನ ಹಿಂದೆ ಬರೆಸಿಕೊಳ್ಳಿ. ಅವತ್ತೇ ಜೋರು ಜ್ವರದ ಜೊತೆ ವಾಂತಿ-ಭೇದಿ, ಮಗು ಜೋಲುಬೀಳುವುದು, ಉಸಿರಾಟದ ತೊಂದರೆ, ಫಿಟ್ಸ್ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಆಶಾ ಕಾರ್ಯಕರ್ತೆಗೂ ತಿಳಿಸಿ, ವರದಿ ಬರೆಸಿ. 1800-180-3024 ಎಂಬ ಉಚಿತ ಸಂಖ್ಯೆಗೂ ಹೇಳಬಹುದು. ಅದು ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ. ಕಾಗೆಯೇ ಇರಬಹುದು, ಇರಲಿ. ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ, ಗಂಟೆ ಬಾರಿಸುವುದು ನಿಮ್ಮ ಕೆಲಸ.

ತಂಗಿ ಮಾರನೇ ದಿನ ಹೋದಳು. ಬಾಟಲಿಯ ಮೇಲೆ 10.20 ಎಂದು ಬರೆದಿತ್ತಂತೆ. ಈ ‘ಅಂತೆ’ಯನ್ನು ನಾನು ನಂಬಿದೆ, ಅವಳು ಫೋಟೋ ಕಳಿಸಿದ್ದಳು. ಎಂಟನೇ ದಿನ ಮತ್ತೆ ಫೋನ್.

“ಅಣ್ಣಾ, ಪಾಪುಗೆ ಮೈ ಬೆಚ್ಚಗಿದೆ. ಮದ್ದಾ, ಕಾಗೆಯಾ?”

“ದಿನ ನೋಡಿದ್ರೆ ಮದ್ದು ಅನ್ಸುತ್ತೆ. ನೆಗಡಿ ಇದ್ಯಾ?”

“ಇದೆ. ಅವರಪ್ಪಂಗೂ ಇದೆ, ಅತ್ತೆಗೂ ಇದೆ.”

“ಹಾಗಿದ್ರೆ ಗೊತ್ತಿಲ್ಲ ಕಣೆ. ಹಾಲು ಕುಡೀತಿದಾಳಾ?”

“ಕುಡೀತಿದಾಳೆ. ಈಗ ನನ್ನ ಕನ್ನಡಕ ಎಳೀತಿದಾಳೆ.”